ಹೊಟ್ಟೆ ಸರಿಹೋದ್ರೆ ತೂಕ, ಸುಸ್ತು ಎಲ್ಲ ತಾನಾಗೇ ಸರಿಹೋಗುತ್ತಾ?

ಸುಸ್ತಿನ_ಸರದಾರ
ಎಲ್ಲರಿಗೂ ನಮಸ್ಕಾರ. ಹಲ್ಲಿನ ಸೋಂಕಿಗೆ ಆಂಟಿಬಯೋಟಿಕ್ ತಗೊಂಡಿದ್ದೆ. ಹಲ್ಲು ಸರಿಹೋಯ್ತು, ಹೊಟ್ಟೆ ಕೆಟ್ಟಿತು. ಊಟ ಮುಗಿಸಿ ಕೈ ತೊಳೆಯೋಷ್ಟರಲ್ಲಿ ಉಬ್ಬರ ಶುರು, ಪ್ಯಾಂಟಿನ ಗುಂಡಿ ಬಿಚ್ಚಿಕೊಂಡೇ ಕೂರಬೇಕು. ಒಂದು ದಿನ ಕಟ್ಟಿಕೊಳ್ಳುತ್ತೆ, ಮಾರನೇ ದಿನ ಓಡಿಸುತ್ತೆ. ಮಧ್ಯಾಹ್ನ ಆದ್ರೆ ಕಣ್ಣು ಬಿಡೋಕಾಗಲ್ಲ. ತಿನ್ನೋದು ಜಾಸ್ತಿ ಮಾಡಿಲ್ಲ, ಆದ್ರೂ ತೂಕ ಏರ್ತಿದೆ.

ಗೆಳೆಯ ಒಬ್ಬ, "ನಿನ್ನ ಗಟ್ ಹಾಳಾಗಿದೆ ಕಣೋ, ಅದಕ್ಕೇ ಮೆಟಬಾಲಿಸಂ ನಿಂತುಹೋಗಿದೆ" ಅಂದ. ಗಟ್ ಅಂದ್ರೆ ಕರುಳು, ಮೆಟಬಾಲಿಸಂ ಅಂದ್ರೆ ಮೈ ಊಟವನ್ನ ಶಕ್ತಿ ಮಾಡಿ ಖರ್ಚು ಮಾಡೋ ಕೆಲಸವಂತೆ. ಅವನ ಮಾತಿಗೆ ಮಲ ಪರೀಕ್ಷೆಯ ಕಿಟ್ ತರಿಸಿದೆ. ವರದಿ ಬಂತು. ಬಣ್ಣಬಣ್ಣದ ಚಕ್ರ, ನೂರಕ್ಕೆ 43 ಅಂಕ, "ಕೊಬ್ಬು ಕೂಡಿಡುವ ಬ್ಯಾಕ್ಟೀರಿಯಾ ಹೆಚ್ಚು" ಅಂತ ಕೆಂಪಕ್ಷರ. ಕೊನೇ ಪುಟದಲ್ಲಿ ಅವರದ್ದೇ ಪ್ರೊಬಯೋಟಿಕ್ (ಒಳ್ಳೇ ಬ್ಯಾಕ್ಟೀರಿಯಾ ಇರೋ) ಪುಡಿಯ ಚಿತ್ರ.

ಕರುಳಿನ ಬ್ಯಾಕ್ಟೀರಿಯಾ ನಿಜಕ್ಕೂ ತೂಕ, ಸುಸ್ತು, ಮೂಡ್ ಎಲ್ಲದಕ್ಕೂ ಕಾರಣನಾ? ಪುಡಿ ತಗೊಳ್ಳೋದಾ ಬೇಡ್ವಾ?

ಅನುಮಾನಪ್ಪ
ರೋಗ ಇದೆ ಅಂದವನೇ ಮದ್ದೂ ಮಾರ್ತಿದ್ದಾನೆ. ನಿಮ್ಮ ಎರಡನೇ ಪ್ರಶ್ನೆಗೆ ಅಷ್ಟು ಸಾಕಲ್ವಾ?

ಬೆಳಗಿನ_ಓಟ
ಅನುಮಾನಪ್ಪನವರು ಹೆಸರು ಉಳಿಸಿಕೊಳ್ಳೋಕೆ ಬಂದ್ರು 😄 ಆದ್ರೆ ವಿಷಯ ಹಗುರವಾಗಿ ತಗೋಬೇಡಿ ಸರ್. ನಮ್ಮ ಮೈಯಲ್ಲಿ ನಮ್ಮ ಜೀವಕೋಶಕ್ಕಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇವೆ. ಮೂಡ್ ನೋಡಿಕೊಳ್ಳೋ ರಾಸಾಯನಿಕ ಅಂತಾರಲ್ಲ, ಆ ಸಿರೊಟೋನಿನ್‌ನಲ್ಲಿ 90 ಪರ್ಸೆಂಟ್ ಕರುಳಲ್ಲೇ ತಯಾರಾಗೋದು. ಹೊಟ್ಟೆ ಕೆಟ್ಟರೆ ಮನಸ್ಸು ಕೆಡದೇ ಇರುತ್ತಾ? ನಾನು ಕರಿದಿದ್ದು, ಪ್ಯಾಕೆಟ್ ತಿಂಡಿ ಬಿಟ್ಟು ಮೊಸರು, ಸೊಪ್ಪು, ಕಾಳು ಜಾಸ್ತಿ ಮಾಡಿದೆ. ಗ್ಯಾಸ್ ಹೋಯ್ತು, ನಿದ್ದೆ ಬಂತು, ಸೊಂಟದ ಸುತ್ತಳತೆನೂ ಇಳೀತು.

ಲ್ಯಾಬ್_ಕೋಟು
ಬೆಳಗಿನ ಓಟ ಅವ್ರೇ, ನಿಮ್ಮ ಊಟಕ್ಕೆ ಸೈ, ಅಂಕಿಗೆ ಬೇಡ. "ಹತ್ತು ಪಟ್ಟು" ಅನ್ನೋದು 1970ರ ದಶಕದ ಒಂದು ಅಂದಾಜು, ಯಾರೂ ಮತ್ತೆ ಲೆಕ್ಕ ಹಾಕದೆ ಓಡಾಡ್ತಾ ಇತ್ತು. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಕೂತು ಲೆಕ್ಕ ಹಾಕಿದಾಗ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಜೀವಕೋಶ ಅಂತ ಬಂತು. ಹೆಚ್ಚೂ ಕಮ್ಮಿ ಸಮ. ಎಲ್ಲ ಸೇರಿ ತೂಕ 200 ಗ್ರಾಂ ಆಸುಪಾಸು.

ಸಿರೊಟೋನಿನ್ ಕರುಳಲ್ಲಿ ಆಗೋದು ನಿಜ. ಆದ್ರೆ ಅದು ರಕ್ತದಿಂದ ಮೆದುಳಿಗೆ ದಾಟಲ್ಲ, ಮಧ್ಯೆ ತಡೆಗೋಡೆ ಇದೆ. ಕರುಳಿನ ಚಲನೆ ನೋಡಿಕೊಳ್ಳೋದು ಅದರ ಮುಖ್ಯ ಕೆಲಸ. ಮೆದುಳು ತನಗೆ ಬೇಕಾದ ಸಿರೊಟೋನಿನ್ ತಾನೇ ಮಾಡಿಕೊಳ್ಳುತ್ತೆ. ಹೊಟ್ಟೆಗೂ ಮನಸ್ಸಿಗೂ ನಂಟಿಲ್ಲ ಅಂತಲ್ಲ, ವೇಗಸ್ ನರ ಅಂತ ಒಂದಿದೆ, ಅದರ ಎಳೆಗಳಲ್ಲಿ ಹೆಚ್ಚಿನವು ಸುದ್ದಿ ಒಯ್ಯೋದು ಹೊಟ್ಟೆಯಿಂದ ಮೆದುಳಿಗೇ. ಆದ್ರೆ "ಕರುಳಲ್ಲಿ ಸಿರೊಟೋನಿನ್ ಜಾಸ್ತಿ ಆದ್ರೆ ಖುಷಿ ಜಾಸ್ತಿ" ಅನ್ನೋದು ಜಾಹೀರಾತಿನ ಮಾತು.

ಈಗ ಮೆಟಬಾಲಿಸಂ. ನಾವು ತಿನ್ನೋ ನಾರನ್ನ ಅರಗಿಸೋಕೆ ನಮ್ಮ ಹತ್ರ ಕಿಣ್ವಗಳೇ ಇಲ್ಲ ಅನ್ನಬಹುದು. ಅದು ಹಾಗೇ ದೊಡ್ಡಕರುಳಿಗೆ ಇಳಿಯುತ್ತೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನೋ ಸಣ್ಣ ಕೊಬ್ಬಿನಾಮ್ಲ ಮಾಡ್ತಾವೆ. ದೊಡ್ಡಕರುಳಿನ ಒಳಪದರದ ಕೋಶಗಳು ಬದುಕೋದೇ ಮುಖ್ಯವಾಗಿ ಬ್ಯುಟಿರೇಟ್ ಮೇಲೆ. ಇದೇ ಆಮ್ಲಗಳು ಕರುಳಿನ ಎಲ್ ಕೋಶಗಳನ್ನ (ಹಾರ್ಮೋನ್ ಬಿಡೋ ಕೋಶಗಳು) ತಟ್ಟಿ, ಹಸಿವು ತಗ್ಗಿಸೋ ಜಿಎಲ್‌ಪಿ-1 ಹಾರ್ಮೋನ್ ಬಿಡಿಸ್ತಾವೆ. ಈಗ ತೂಕ ಇಳಿಸೋ ಇಂಜೆಕ್ಷನ್ ಅಂತ ಎಲ್ಲರೂ ಮಾತಾಡ್ತಾರಲ್ಲ, ಅದು ನಕಲು ಮಾಡೋದು ಇದನ್ನೇ. ಹಾಗಂತ ಬೇಳೆ ತಿಂದ್ರೆ ಇಂಜೆಕ್ಷನ್ ಪರಿಣಾಮ ಬರಲ್ಲ. ನಮ್ಮ ಮೈಯಲ್ಲಿ ಹುಟ್ಟೋ ಜಿಎಲ್‌ಪಿ-1 ಒಂದೆರಡು ನಿಮಿಷದಲ್ಲೇ ಒಡೆದುಹೋಗುತ್ತೆ, ಇಂಜೆಕ್ಷನ್‌ದು ದಿನಗಟ್ಟಲೆ ನಿಲ್ಲುತ್ತೆ.

ಬೆಳಗಿನ_ಓಟ
ಸರಿ ಸ್ವಾಮಿ, ಹತ್ತು ಪಟ್ಟು ವಾಪಸ್ ತಗೊಂಡೆ. ಸೊಂಟದ ಸುತ್ತಳತೆ ಮಾತ್ರ ವಾಪಸ್ ಕೊಡಲ್ಲ.

ನಿದ್ದೆಗೇಡಿ
ಆ ಇಲಿಗಳ ಪ್ರಯೋಗ ಯಾರೂ ಹೇಳಲೇ ಇಲ್ವಲ್ಲ? 2004ರಲ್ಲಿ ಅಮೆರಿಕದ ಜೆಫ್ರಿ ಗಾರ್ಡನ್ ಅವರ ಲ್ಯಾಬು. ಹುಟ್ಟಿದಾಗಿನಿಂದ ಒಂದೂ ಬ್ಯಾಕ್ಟೀರಿಯಾ ಇಲ್ಲದ ಇಲಿಗಳಿಗೆ ಮಾಮೂಲಿ ಇಲಿಗಳ ಬ್ಯಾಕ್ಟೀರಿಯಾ ಕೊಟ್ಟರು. ಎರಡು ವಾರದಲ್ಲಿ ಮೈಕೊಬ್ಬು 60% ಜಾಸ್ತಿ! ಅದೂ ಮುಂಚಿಗಿಂತ ಕಮ್ಮಿ ತಿಂದು! ಆಮೇಲೆ 2013ರಲ್ಲಿ ಅದೇ ಲ್ಯಾಬಿನವರು, ಅವಳಿಗಳಲ್ಲಿ ಒಬ್ಬರು ದಪ್ಪ ಒಬ್ಬರು ಸಣ್ಣ ಇರೋ ಜೋಡಿ ಹುಡುಕಿ, ಅವರ ಮಲದ ಬ್ಯಾಕ್ಟೀರಿಯಾ ಇಲಿಗೆ ಹಾಕಿದ್ರು. ದಪ್ಪಗಿದ್ದವರದ್ದು ಪಡೆದ ಇಲಿ ದಪ್ಪ ಆಯ್ತು. ಇದಕ್ಕಿಂತ ಸಾಕ್ಷಿ ಬೇಕಾ?

ಅನುಮಾನಪ್ಪ
ಬೇಕು. ಮನುಷ್ಯರದ್ದು.

ಕುತೂಹಲಿ_ಬೆಕ್ಕು
ಊಟ ಮಾಡ್ತಾ ಈ ಥ್ರೆಡ್ ತೆಗೆದಿದ್ದೆ. ತಟ್ಟೆ ಪಕ್ಕಕ್ಕಿಟ್ಟಿದ್ದೀನಿ. ಮುಂದುವರಿಸಿ.

ಲ್ಯಾಬ್_ಕೋಟು
ಮನುಷ್ಯರದ್ದೂ ಇದೆ, ಆದ್ರೆ ಅಷ್ಟು ರೋಚಕ ಅಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಣ್ಣಗಿರುವ ದಾನಿಗಳ ಮಲವನ್ನ ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಸಕ್ಕರೆ, ಬಿಪಿ ಒಟ್ಟಿಗೆ ಏರಿರೋದು) ಇರುವ ಗಂಡಸರಿಗೆ ಕೊಟ್ಟರು, 2012ರಲ್ಲಿ ಫಲಿತಾಂಶ ಬಂತು. ಆರು ವಾರಕ್ಕೆ ಇನ್ಸುಲಿನ್‌ಗೆ ಮೈ ಸ್ಪಂದಿಸೋದು ಸುಧಾರಿಸಿತ್ತು. ತೂಕ ಇಳಿಯಲಿಲ್ಲ. ಅದೇ ತಂಡ 2017ರಲ್ಲಿ ಇನ್ನಷ್ಟು ಜನರ ಮೇಲೆ ಮಾಡಿದಾಗ, 18ನೇ ವಾರಕ್ಕೆ ಆ ಸುಧಾರಣೆನೂ ಮಾಯ.

ನಿದ್ದೆಗೇಡಿಯವರು ಹೇಳಿದ 2013ರ ಪ್ರಯೋಗದ ಅರ್ಧ ಕಥೆ ಯಾವಾಗಲೂ ಬಿಟ್ಟುಹೋಗುತ್ತೆ. ದಪ್ಪ ಇಲಿ, ಸಣ್ಣ ಇಲಿ ಎರಡನ್ನೂ ಒಂದೇ ಗೂಡಲ್ಲಿಟ್ಟರೆ ಸಣ್ಣದರ ಬ್ಯಾಕ್ಟೀರಿಯಾ ದಪ್ಪ ಇಲಿಗೆ ಹಬ್ಬಿ ಅದು ದಪ್ಪ ಆಗೋದು ತಪ್ಪಿತು. (ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿಂತಾವೆ. ಕುತೂಹಲಿ ಬೆಕ್ಕು, ಕ್ಷಮಿಸಿ.) ಆದ್ರೆ ಇದು ಆಗಿದ್ದು ಕೊಬ್ಬು ಕಮ್ಮಿ, ನಾರು ಜಾಸ್ತಿ ಇರೋ ಆಹಾರ ಕೊಟ್ಟಾಗ. ಕೊಬ್ಬು ಜಾಸ್ತಿ, ನಾರು ಕಮ್ಮಿ ಇದ್ದಾಗ ಒಳ್ಳೇ ಬ್ಯಾಕ್ಟೀರಿಯಾ ಬಂದ್ರೂ ನೆಲೆ ನಿಲ್ಲಲಿಲ್ಲ. ನನ್ನ ಪ್ರಕಾರ ಈ ವಿಷಯದಲ್ಲಿ ನೆನಪಿಡಬೇಕಾದ್ದು ಇದೊಂದೇ. ಸಸಿ ತಂದು ನೆಟ್ಟು ನೀರು ಹಾಕದಿದ್ರೆ ಅದು ಎಷ್ಟು ದಿನ ಬದುಕುತ್ತೆ?

ನಿದ್ದೆಗೇಡಿ
ಹಾಗಾದ್ರೆ ಮಲ ಕಸಿ ಅನ್ನೋದೇ ಬುರುಡೆ ಅಂತೀರಾ?

ಲ್ಯಾಬ್_ಕೋಟು
ಇಲ್ಲ. ಸಿ. ಡಿಫಿಸಿಲ್ ಅನ್ನೋ ಕ್ರಿಮಿಯಿಂದ ಮತ್ತೆ ಮತ್ತೆ ಭೇದಿ ಆಗೋರಿಗೆ ಅದು ಭರ್ಜರಿ ಕೆಲಸ ಮಾಡುತ್ತೆ. 2013ರ ಡಚ್ ಪ್ರಯೋಗದಲ್ಲಿ 16 ಜನರಲ್ಲಿ 13 ಜನ ಮೊದಲ ಸಲಕ್ಕೇ ಗುಣ ಆದ್ರು, ಪ್ರಯೋಗವನ್ನ ಮಧ್ಯದಲ್ಲೇ ನಿಲ್ಲಿಸಬೇಕಾಯ್ತು, ಬರೀ ಮಾತ್ರೆ ಕೊಟ್ಟ ಗುಂಪಿಗೆ ಅನ್ಯಾಯ ಆಗ್ತಿದೆ ಅಂತ. ಆದ್ರೆ ಅದು ಆ ಕಾಯಿಲೆಗೆ. ತೂಕಕ್ಕಲ್ಲ, ಸುಸ್ತಿಗಲ್ಲ. ಮನೆಯಲ್ಲಿ ಮಾಡಿಕೊಳ್ಳೋ ಸಾಹಸಕ್ಕಂತೂ ಯಾರೂ ಕೈ ಹಾಕಬೇಡಿ, ದಾನಿಯಿಂದ ಸೋಂಕು ತಗುಲಿ ಸತ್ತವರಿದ್ದಾರೆ.

ವಾರ್ಡ್_ಸಿಸ್ಟರ್
ಸಿ. ಡಿಫ್ ಹೆಸರು ಬಂತಲ್ಲ, ಆಂಟಿಬಯೋಟಿಕ್ ಆದ ಮೇಲೆ ಅದು ಬರಬಹುದು, ಅದಕ್ಕೇ ಕೇಳ್ತೀನಿ. ಸುಸ್ತಿನ ಸರದಾರ ಅವ್ರೇ, ಹಲ್ಲಿಗೆ ಕೊಟ್ಟಿದ್ದು ಯಾವ ಆಂಟಿಬಯೋಟಿಕ್? ಕ್ಲಿಂಡಾಮೈಸಿನ್ನಾ? ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ನೀರುನೀರಾಗಿ ಹೋಗ್ತಿದ್ಯಾ? ಜ್ವರ? ಮಲದಲ್ಲಿ ರಕ್ತ, ಇಲ್ಲಾ ಟಾರಿನ ಥರ ಕಪ್ಪು? ರಾತ್ರಿ ನಿದ್ದೆಯಿಂದ ಎಬ್ಬಿಸಿ ಓಡಿಸುತ್ತಾ? ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ? ಒಂದಕ್ಕೆ ಹೌದು ಅಂದ್ರೂ ಈ ಥ್ರೆಡ್ ಮುಚ್ಚಿ ಡಾಕ್ಟರ್ ಹತ್ರ ಹೋಗಿ. ಭೇದಿ ನಿಲ್ಲಿಸೋ ಮಾತ್ರೆ ನೀವಾಗೇ ನುಂಗಬೇಡಿ.

ಸುಸ್ತಿನ_ಸರದಾರ
ಅಮಾಕ್ಸಿಸಿಲಿನ್, ಸಿಸ್ಟರ್. ಜ್ವರ ಇಲ್ಲ, ರಕ್ತ ಇಲ್ಲ, ರಾತ್ರಿ ಏಳಲ್ಲ. ಒಂದು ದಿನ ಮಾತ್ರ ಕೆಂಪಾಗಿತ್ತು, ಎದೆ ಧಸಕ್ ಅಂತು. ಆಮೇಲೆ ನೆನಪಾಯ್ತು, ಹಿಂದಿನ ದಿನ ಬೀಟ್ರೂಟ್.

ಕುತೂಹಲಿ_ಬೆಕ್ಕು
ಬೀಟ್ರೂಟ್ ತಿಂದು ಉಯಿಲು ಬರೆಯೋಕೆ ಕೂತವರು ಎಷ್ಟು ಜನ ಇಲ್ಲಿ? ಕೈ ಎತ್ತಿ.

ಬೆಳಗಿನ_ಓಟ
✋

ಪುಟ್ಟಿ_ಅಮ್ಮ
ನನ್ನದೊಂದು ಮಾತು. ಸುಸ್ತು, ಮಲಬದ್ಧತೆ, ಉಬ್ಬರ, ಊಟ ಜಾಸ್ತಿ ಇಲ್ಲದೆ ತೂಕ ಏರೋದು, ಇಷ್ಟೂ ನನಗಿತ್ತು. ಒಬ್ಬ ಆನ್‌ಲೈನ್ ಕೋಚ್ "ಗಟ್ ಡಿಟಾಕ್ಸ್" ಅಂತ ಆರಂಭಿಸಿ ಗೋಧಿ ಬಿಡಿಸಿದ್ರು, ಹಾಲು ಬಿಡಿಸಿದ್ರು, ಕೊನೆಗೆ ಹಣ್ಣೂ ಬಿಡಿಸಿದ್ರು. ನಾನು ಸಪ್ಪೆ ಮುಖ ಹಾಕಿಕೊಂಡು ಓಡಾಡ್ತಿದ್ದೆ, ಕೂದಲು ಬಾಚಣಿಗೆ ತುಂಬ ಬರ್ತಿತ್ತು. ಬೇರೆ ಯಾವುದಕ್ಕೋ ರಕ್ತ ಪರೀಕ್ಷೆಗೆ ಕೊಟ್ಟಾಗ, ಥೈರಾಯ್ಡ್ ಕುಗ್ಗಿದ್ರೆ ಏರೋ ಹಾರ್ಮೋನ್ ಟಿಎಸ್‌ಎಚ್ ನೋಡಿದ್ರೆ ಆಕಾಶದಲ್ಲಿದೆ! ಥೈರಾಯ್ಡ್ ನಿಧಾನ ಆದ್ರೆ ಕರುಳೂ ನಿಧಾನ ಆಗುತ್ತೆ ಅಂತ ಆಗ ಗೊತ್ತಾಯ್ತು. ಹೊಟ್ಟೆಯಿಂದ ಮೆಟಬಾಲಿಸಂ ಕೆಟ್ಟಿರಲಿಲ್ಲ, ಮೆಟಬಾಲಿಸಂ ಕೆಟ್ಟು ಹೊಟ್ಟೆ ಕೆಟ್ಟಿತ್ತು. ಮಾತ್ರೆ ಶುರು ಮಾಡಿದ ಮೇಲೆ ಹೊಟ್ಟೆ ತನ್ನಷ್ಟಕ್ಕೆ ತಾನೇ ದಾರಿಗೆ ಬಂತು.

ಮೊದಲು ಹಿಮೋಗ್ಲೋಬಿನ್, ಟಿಎಸ್‌ಎಚ್, ಸಕ್ಕರೆ, ಬಿ12 ನೋಡಿಸಿ. ಆ ಕಿಟ್‌ಗೆ ಕೊಟ್ಟ ದುಡ್ಡಲ್ಲಿ ಇವೆಲ್ಲ ಆಗ್ತಿತ್ತೇನೋ.

ವಾರ್ಡ್_ಸಿಸ್ಟರ್
ಇದನ್ನ ಮೇಲೆ ಪಿನ್ ಮಾಡಿ ಯಾರಾದ್ರೂ. ಇನ್ನೊಂದು, ಗೋಧಿ ಬಿಟ್ಟ ಮೇಲೆ ಸೀಲಿಯಾಕ್ (ಗೋಧಿಯಿಂದ ಕರುಳು ಕೆಡೋ ಕಾಯಿಲೆ) ಪರೀಕ್ಷೆ ಮಾಡಿಸಿದ್ರೆ ಇರೋ ಕಾಯಿಲೆನೂ ಇಲ್ಲ ಅಂತ ಬರಬಹುದು. ಅನುಮಾನ ಇದ್ರೆ ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಮಾಡಿಸಿ, ಬಿಡೋದು ಆಮೇಲೆ.

ಹಳೇ_ಸೈಕಲ್
40 ದಾಟಿದ ಮೇಲೆ ಮೆಟಬಾಲಿಸಂ ಬೀಳುತ್ತೆ ಮಾರಾಯ್ರೆ, ಬ್ಯಾಕ್ಟೀರಿಯಾ ಪಾಪ ಏನು ಮಾಡೀತು?

ಲ್ಯಾಬ್_ಕೋಟು
ಬೀಳಲ್ಲ ಸರ್. 2021ರಲ್ಲಿ ಎಂಟು ದಿನದ ಕೂಸಿಂದ 95 ವರ್ಷದವರ ತನಕ 6,400ಕ್ಕೂ ಹೆಚ್ಚು ಜನರ ಅಳತೆ ಒಟ್ಟು ಮಾಡಿ ನೋಡಿದ್ರು. ಮೈಗಾತ್ರ, ಸ್ನಾಯು ಲೆಕ್ಕಕ್ಕೆ ತಗೊಂಡ ಮೇಲೆ 20ರಿಂದ 60ರವರೆಗೆ ಶಕ್ತಿ ಖರ್ಚು ಹೆಚ್ಚೂ ಕಮ್ಮಿ ಒಂದೇ ಸಮ. ಇಳಿಯೋದು 60 ಆದ ಮೇಲೆ, ಅದೂ ನಿಧಾನಕ್ಕೆ.

ಹಳೇ_ಸೈಕಲ್
ಅಂದ್ರೆ ನನ್ನ ಹೊಟ್ಟೆಗೆ ನಾನೇ ಜವಾಬ್ದಾರ. ಒಳ್ಳೇದು. ಇದ್ದ ಒಂದು ನೆಪನೂ ಕಿತ್ತುಕೊಂಡ್ರಿ.

ಸುಸ್ತಿನ_ಸರದಾರ
ರಕ್ತ ಪರೀಕ್ಷೆಗೆ ಬರೆಸಿಕೊಳ್ತೀನಿ. ಒಂದು ಡೌಟು, ನಾರು ಒಳ್ಳೇದು ಅಂತ ಓದಿ ಡಬ್ಬಿಯಲ್ಲಿ ಬರೋ ಇನುಲಿನ್ ಪುಡಿ ಶುರು ಮಾಡಿದ್ದೆ. ಉಬ್ಬರ ಎರಡರಷ್ಟಾಯ್ತು. ಆಫೀಸ್ ಮೀಟಿಂಗಲ್ಲಿ ಹೊಟ್ಟೆ ನನಗಿಂತ ಜಾಸ್ತಿ ಮಾತಾಡ್ತಿತ್ತು. ನಾರೇ ಆಗಿಬರಲ್ವಾ ನನಗೆ?

ಬೇಳೆ_ಭಕ್ತ
ಇನುಲಿನ್ ಕಂಡ್ರೆ ಬ್ಯಾಕ್ಟೀರಿಯಾಗೆ ಪಂಚಪ್ರಾಣ, ಸಿಕ್ಕ ಕೂಡಲೇ ಹುದುಗಿಸಿ ಗ್ಯಾಸ್ ಮಾಡಿಬಿಡ್ತಾವೆ. ಇಸಬ್ಗೋಲ್ ಹಾಗಲ್ಲ. ನೀರು ಹೀರಿ ಲೋಳೆ ಆಗುತ್ತೆ, ಹುದುಗೋದು ತುಂಬಾ ಕಮ್ಮಿ. ಕಟ್ಟಿಕೊಂಡಿದ್ರೆ ಮೆತ್ತಗೆ ಮಾಡುತ್ತೆ, ನೀರಾಗಿದ್ರೆ ಗಟ್ಟಿ ಮಾಡುತ್ತೆ. ನಿಮ್ಮ ಥರ ಎರಡೂ ಇರೋರಿಗೆ ಇದೇ ವಾಸಿ. ಅರ್ಧ ಚಮಚದಿಂದ ಶುರು ಮಾಡಿ, ವಾರಕ್ಕೊಮ್ಮೆ ಚೂರು ಚೂರು ಏರಿಸಿ. ಲೋಟಕ್ಕೆ ಹಾಕಿದ ತಕ್ಷಣ ಕಲಸಿ ಕುಡಿಯಿರಿ. ಫೋನ್ ನೋಡ್ತಾ ಕೂತ್ರೆ ಅಂಟಿನ ಮುದ್ದೆ ಆಗಿ ಚಮಚ ನೆಟ್ಟಗೆ ನಿಲ್ಲುತ್ತೆ, ಮೇಲೆ ಇನ್ನೊಂದು ಲೋಟ ನೀರು ಬೇಕೇ ಬೇಕು. ನೀರಿಲ್ಲದೆ ಒಣಪುಡಿ ನುಂಗಿದ್ರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ.

ಊಟದ ನಾರಿಗೂ ಅದೇ ಮಾತು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಇವತ್ತು ಹತ್ತು ಗ್ರಾಂ ತಿನ್ನೋರು ನಾಳೆನೇ ಮೂವತ್ತಕ್ಕೆ ಹಾರಿದ್ರೆ ಹೊಟ್ಟೆ ಬೈಯದೆ ಬಿಡುತ್ತಾ?

ನಿದ್ದೆಗೇಡಿ
ಲೋ ಫಾಡ್‌ಮ್ಯಾಪ್ ಡಯಟ್ ಮಾಡಿ, ಅಂದ್ರೆ ಹೊಟ್ಟೆಯಲ್ಲಿ ಬೇಗ ಹುದುಗೋ ಆಹಾರ ಬಿಡೋದು, ಉಬ್ಬರ ಹೋಗುತ್ತೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು ಎಲ್ಲ ಬಂದ್.

ಬೇಳೆ_ಭಕ್ತ
ನಿಮ್ಮ ಬಾಯಿಗೆ ಬೀಗ! ಅದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು, ಕರುಳು ಆಗಾಗ ಕೆರಳೋ ತೊಂದರೆಯಾದ ಐಬಿಎಸ್‌ಗೆ ಅಂತ ಮಾಡಿದ್ದು. ಎರಡರಿಂದ ಆರು ವಾರ ಬಿಡೋದು, ಆಮೇಲೆ ಒಂದೊಂದೇ ವಾಪಸ್ ತಂದು ಯಾವುದು ತೊಂದರೆ ಕೊಡುತ್ತೆ ಅಂತ ಹುಡುಕೋದು. ಜನ ಮೊದಲ ಹಂತದಲ್ಲೇ ವರ್ಷಗಟ್ಟಲೆ ಕೂತುಬಿಡ್ತಾರೆ. ಅದರಲ್ಲಿ ಬಿಫಿಡೊಬ್ಯಾಕ್ಟೀರಿಯಾ ಅನ್ನೋ ಒಳ್ಳೇ ಬ್ಯಾಕ್ಟೀರಿಯಾ ಕಮ್ಮಿ ಆಗೋದೂ ಕಂಡಿದೆ. ಹೊಟ್ಟೆ ಸುಮ್ಮನಾಗುತ್ತೆ, ಒಳಗಿನವರು ಉಪವಾಸ.

ಬೆಳಗಿನ_ಓಟ
ಆಂಟಿಬಯೋಟಿಕ್ ಆದ ಮೇಲೆ ಪ್ರೊಬಯೋಟಿಕ್ ಬೇಕೇ ಬೇಕು ಅಂತ ಎಲ್ಲರೂ ಹೇಳ್ತಾರಲ್ಲ? ಅದೂ ಸುಳ್ಳಾ ಲ್ಯಾಬ್ ಸರ್? ಒಂದಾದ್ರೂ ಬಿಡಿ ನಮಗೆ 😅

ಲ್ಯಾಬ್_ಕೋಟು
ಅರ್ಧ ನಿಮಗೆ ಬಿಟ್ಟೆ. ಆಂಟಿಬಯೋಟಿಕ್ ತಗೊಳ್ಳುವಾಗಲೇ ಕೆಲವು ನಿರ್ದಿಷ್ಟ ತಳಿ ಕೊಟ್ಟರೆ ಮಕ್ಕಳಲ್ಲಿ ಭೇದಿ ಕಮ್ಮಿ ಆಗುತ್ತೆ ಅನ್ನೋದಕ್ಕೆ ಒಳ್ಳೇ ಆಧಾರ ಇದೆ. ಆದ್ರೆ "ಹೋದ ಬ್ಯಾಕ್ಟೀರಿಯಾ ವಾಪಸ್ ತರುತ್ತೆ" ಅನ್ನೋದು ಬೇರೆ ಮಾತು. 2018ರಲ್ಲಿ ವೈಜ್‌ಮನ್‌ನವರೇ ಸಣ್ಣ ಗುಂಪಿನಲ್ಲಿ ನೋಡಿದ್ರು. ಆಂಟಿಬಯೋಟಿಕ್ ನಂತರ ಏನೂ ಮಾಡದೆ ಬಿಟ್ಟವರ ಕರುಳು ಬೇಗ ಮೊದಲಿನ ಸ್ಥಿತಿಗೆ ಬಂತು. ಪ್ರೊಬಯೋಟಿಕ್ ತಗೊಂಡವರದ್ದು ತಿಂಗಳುಗಟ್ಟಲೆ ತಡ. ಹೊರಗಿಂದ ಬಂದವು ಜಾಗ ಹಿಡಿದು ಕೂತು ಹಳಬರಿಗೆ ದಾರಿ ಬಿಡಲಿಲ್ಲ. ಸಣ್ಣ ಅಧ್ಯಯನ, ಕೊನೇ ಮಾತಲ್ಲ. ಆದ್ರೆ "ತಗೊಂಡ್ರೆ ನಷ್ಟ ಏನಿಲ್ಲ" ಅನ್ನೋರಿಗೆ ಇದು ಉತ್ತರ.

ಮೊಸರು, ಹುದುಗಿದ ಆಹಾರ ಬೇರೆ. ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಹುದುಗಿದ ಆಹಾರ, ಇನ್ನೊಂದಕ್ಕೆ ನಾರು ಜಾಸ್ತಿ ಮಾಡಿಸಿದ್ರು. 2021ರಲ್ಲಿ ಫಲಿತಾಂಶ ಬಂದಾಗ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿದ್ದು ಹುದುಗಿದ್ದು ತಿಂದವರಲ್ಲಿ, ಉರಿಯೂತದ ಸೂಚಕಗಳೂ ಇಳಿದವು. ನಾರಿನ ಗುಂಪಲ್ಲಿ ಅಷ್ಟು ಕಮ್ಮಿ ಸಮಯದಲ್ಲಿ ವೈವಿಧ್ಯ ಏರಲಿಲ್ಲ. ನಾನಂತೂ ಉಲ್ಟಾ ಆಗುತ್ತೆ ಅಂದ್ಕೊಂಡಿದ್ದೆ.

ಅನುಮಾನಪ್ಪ
36 ಜನ. ನಮ್ಮ ಮನೆ ಮದುವೆಯಲ್ಲಿ ಒಂದು ಪಂಕ್ತಿಗೆ ಅದಕ್ಕಿಂತ ಜಾಸ್ತಿ ಕೂರ್ತಾರೆ.

ರಾತ್ರಿಪಾಳಿ
ಎಲ್ಲರೂ ಏನು ತಿನ್ನಬೇಕು ಅಂತಲೇ ಮಾತಾಡ್ತಿದ್ದೀರ, ಯಾವಾಗ ಅಂತ ಯಾರೂ ಕೇಳಲ್ಲ. ಪಾಳಿ ಬದಲಾದ ವಾರ ನನ್ನ ಹೊಟ್ಟೆ ಅಪರಿಚಿತರ ಹೊಟ್ಟೆ. ರಾತ್ರಿ ಮೂರಕ್ಕೆ ತಿಂದ ಅದೇ ಊಟ ಎದೆಗೆ ಬಂದು ಕೂರುತ್ತೆ, ಮಧ್ಯಾಹ್ನ ತಿಂದ್ರೆ ಗೊತ್ತೇ ಆಗಲ್ಲ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಹಗಲು ರಾತ್ರಿಯ ಲಯ ಇದೆ, ಇಲಿಗಳ ಹೊತ್ತು ಏರುಪೇರು ಮಾಡಿದ್ರೆ ಆ ಲಯ ತಪ್ಪಿ ಸಕ್ಕರೆ ನಿಯಂತ್ರಣ ಕೆಡುತ್ತೆ ಅಂತ 2014ರಲ್ಲಿ ಬಂದಿತ್ತು. ಈಗ ಪಾಳಿಗೆ ಮುಂಚೆ ಹೊಟ್ಟೆ ತುಂಬ ತಿಂದು, ನಡುರಾತ್ರಿ ಬರೀ ಹಗುರದ್ದು ಏನಾದ್ರೂ ತಿಂತೀನಿ. ಉಬ್ಬರ ಅರ್ಧಕ್ಕರ್ಧ ಕಮ್ಮಿ. ಸುಸ್ತು ಹೋಗಿಲ್ಲ, ಅದು ಕೆಲಸ ಬಿಟ್ಟಾಗ ಹೋಗಬೇಕು.

ಪುಟ್ಟಿ_ಅಮ್ಮ
ಪಾಳಿ ಅಣ್ಣ, ಸುಸ್ತಿಗೆ ನಿದ್ದೆನೂ ಒಂದು ಮದ್ದು. ಹಗಲು ಮಲಗುವಾಗ ಕೋಣೆ ಕತ್ತಲು ಮಾಡ್ಕೊಳ್ಳಿ.

ಎರಡು_ಡಬ್ಬಿ
ಕಿಟ್ ಬಗ್ಗೆ ನನ್ನ ಅನುಭವ. ಚಪಲಕ್ಕೆ ಒಂದೇ ದಿನದ ಮಲವನ್ನ ಎರಡು ಕಂಪನಿಗೆ ಕಳಿಸಿದೆ. ಅಕ್ಕರ್‌ಮ್ಯಾನ್ಸಿಯಾ ಅಂತ ಕರುಳಿನ ಒಂದು ಬ್ಯಾಕ್ಟೀರಿಯಾ ಇದೆಯಂತೆ. ಒಬ್ಬರು "ಅಕ್ಕರ್‌ಮ್ಯಾನ್ಸಿಯಾ ಸಮೃದ್ಧವಾಗಿದೆ, ಅಭಿನಂದನೆ" ಅಂದ್ರು. ಇನ್ನೊಬ್ಬರು "ಅಕ್ಕರ್‌ಮ್ಯಾನ್ಸಿಯಾ ಕಂಡುಬಂದಿಲ್ಲ, ತಕ್ಷಣ ಗಮನ ಕೊಡಿ" ಅಂದ್ರು. ಇಬ್ಬರದ್ದೂ ಹಸಿರು ಲೋಗೋ, ಇಬ್ಬರಿಗೂ ವಾಪಸ್ ಬರೆದೆ. ಒಬ್ಬರು ಉತ್ತರ ಕೊಡಲಿಲ್ಲ, ಇನ್ನೊಬ್ಬರು ಡಿಸ್ಕೌಂಟ್ ಕೂಪನ್ ಕಳಿಸಿದ್ರು.

ಲ್ಯಾಬ್_ಕೋಟು
ಆರೋಗ್ಯವಂತ ಕರುಳು ಅಂದ್ರೆ ಇಷ್ಟಿಷ್ಟು ಬ್ಯಾಕ್ಟೀರಿಯಾ ಅನ್ನೋ ಒಪ್ಪಿತ ಪಟ್ಟಿನೇ ಇಲ್ಲ. ಮತ್ತೆ ನೂರಕ್ಕೆ 43 ಅಂತ ಅಂಕ ಹೇಗೆ ಕೊಟ್ಟರು? ಯಾವ ಪ್ರಶ್ನೆಪತ್ರಿಕೆ?

ಬೆಳಗಿನ_ಓಟ
ಲೀಕಿ ಗಟ್ ಬಗ್ಗೆನಾದ್ರೂ ಒಪ್ಕೊಳ್ತೀರಾ?

ಲ್ಯಾಬ್_ಕೋಟು
ಕರುಳಿನ ಗೋಡೆ ಸಡಿಲ ಆಗೋದು ನಿಜವಾದ ವಿದ್ಯಮಾನ. ಸೀಲಿಯಾಕ್, ಕ್ರೋನ್ಸ್ ಅನ್ನೋ ಕರುಳಿನ ಕಾಯಿಲೆ ಇರೋರಲ್ಲಿ ಅಳೆದು ತೋರಿಸಿದ್ದಾರೆ. ಆದ್ರೆ ತಲೆನೋವು, ಮೊಡವೆ, ಮರೆವು, ಸಾಲಬಾಧೆ ಎಲ್ಲಕ್ಕೂ ಅದೇ ಕಾರಣ ಅಂತ ಬೋರ್ಡ್ ಹಾಕೋರು ಇದ್ದಾರಲ್ಲ, ಅವರ ಜೊತೆ ನಾನಿಲ್ಲ.

ಹಳೇ_ಸೈಕಲ್
1984ರಲ್ಲಿ ಬ್ಯಾರಿ ಮಾರ್ಷಲ್ ಅನ್ನೋ ಡಾಕ್ಟ್ರು ಎಚ್. ಪೈಲೋರಿ ಬ್ಯಾಕ್ಟೀರಿಯಾ ಗಟಗಟ ಕುಡಿದು ತಮ್ಮ ಹೊಟ್ಟೆಯಲ್ಲೇ ಉರಿಯೂತ ಬರಿಸಿಕೊಂಡ್ರು, ಹೊಟ್ಟೆ ಹುಣ್ಣಿಗೆ ಆ ಬ್ಯಾಕ್ಟೀರಿಯಾ ಕಾರಣ ಅಂದ್ರೆ ಯಾರೂ ನಂಬಲಿಲ್ಲ ಅಂತ. 2005ರಲ್ಲಿ ನೊಬೆಲ್ ಬಂತು. ಇವತ್ತು ನಗೋ ವಿಷಯ ನಾಳೆ ನಿಜ ಆಗಬಹುದು ಸ್ವಾಮಿ.

ಅನುಮಾನಪ್ಪ
ಅವರು ಕುಡಿದು ತೋರಿಸಿದ್ರು. ಪುಡಿ ಮಾರೋರು ನಮಗೆ ಕುಡಿಸ್ತಿದ್ದಾರೆ.

ಸುಸ್ತಿನ_ಸರದಾರ
ರಕ್ತದ ವರದಿ ಬಂತು. ಟಿಎಸ್‌ಎಚ್, ಸಕ್ಕರೆ ಸರಿ ಇದೆ. ಹಿಮೋಗ್ಲೋಬಿನ್ ಕಮ್ಮಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ತಳ ಮುಟ್ಟಿದೆ. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದು, ಗಂಡಸರಿಗೆ ಹೀಗೆ ಕಮ್ಮಿ ಆದ್ರೆ ರಕ್ತ ಎಲ್ಲಿ ಸೋರ್ತಿದೆ ಅಂತ ನೋಡಲೇಬೇಕು ಅಂತ ಎಂಡೋಸ್ಕೋಪಿ, ಕೊಲೊನೋಸ್ಕೋಪಿಗೆ ದಿನ ಕೊಟ್ಟಿದ್ದಾರೆ. ಇನುಲಿನ್ ನಿಲ್ಲಿಸಿ ಇಸಬ್ಗೋಲ್ ಅರ್ಧ ಚಮಚ ಶುರು ಮಾಡಿದೆ, ಮೀಟಿಂಗಲ್ಲಿ ಈಗ ನಾನೇ ಮಾತಾಡ್ತೀನಿ. ಕಿಟ್‌ನವರು ಮಾತ್ರ ದಿನಾ ಮೆಸೇಜ್ ಮಾಡ್ತಿದ್ದಾರೆ.

ವಾರ್ಡ್_ಸಿಸ್ಟರ್
ಒಳ್ಳೇ ಡಾಕ್ಟರ್ ಸಿಕ್ಕಿದ್ದಾರೆ, ಪರೀಕ್ಷೆ ಮುಂದೂಡಬೇಡಿ. ಕೊಲೊನೋಸ್ಕೋಪಿಗೆ ಮುಂಚೆ ಕಬ್ಬಿಣದ ಮಾತ್ರೆ ಕೆಲವು ದಿನ, ಇಸಬ್ಗೋಲ್ ಕೂಡ ನಿಲ್ಲಿಸೋಕೆ ಹೇಳ್ತಾರೆ, ಯಾವತ್ತಿಂದ ಅಂತ ಅವರನ್ನೇ ಕೇಳಿ. ಕಬ್ಬಿಣ ತಗೊಂಡ್ರೆ ಮಲ ಕಪ್ಪಾಗುತ್ತೆ, ಹೆದರಬೇಡಿ.

ಕುತೂಹಲಿ_ಬೆಕ್ಕು
ಕೆಂಪಾದ್ರೆ ಬೀಟ್ರೂಟ್, ಕಪ್ಪಾದ್ರೆ ಕಬ್ಬಿಣ. ಬರ್ಕೊಂಡೆ.

ವಾರ್ಡ್_ಸಿಸ್ಟರ್
ತಿಂದಿದ್ರೆ ಮಾತ್ರ! ತಿನ್ನದೇ ಆ ಬಣ್ಣ ಬಂದ್ರೆ ಆಸ್ಪತ್ರೆ.

ಪುಟ್ಟಿ_ಅಮ್ಮ
ಸಿಸ್ಟರ್, ನನಗೂ ಒಂದು ಡೌಟು. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಇಸಬ್ಗೋಲ್ ಕುಡೀಬಹುದಾ?

ವಾರ್ಡ್_ಸಿಸ್ಟರ್
ಬೇಡಮ್ಮ. ನಾರು ಮಾತ್ರೆಯನ್ನ ಹಿಡಿದಿಟ್ಟುಕೊಂಡುಬಿಡುತ್ತೆ. ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ, ಇಸಬ್ಗೋಲ್ ರಾತ್ರಿಗೆ ಹಾಕ್ಕೊಳ್ಳಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ರೆ ಅವಕ್ಕೂ ನಾಲ್ಕು ಗಂಟೆ ಅಂತರ.